ಗ್ಲೈಡರುಗಳೂ ಅಳತೆಯ ಉಪಕರಣಗಳೂ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಕಣ್ಣಿಗೆ ಕಂಡುದೆಲ್ಲ ನಿಜವಲ್ಲ. ಕಂಡುದನ್ನು ಅಳೆದು, ತೂಗಿ, ಒರೆಗೆ ಹಚ್ಚಿದ ಮೇಲೆಯೇ ಅದನ್ನು ನಿಜವೆಂದು ಒಪ್ಪತಕ್ಕದ್ದು ಎಂಬುದು ಅದರ ತಾತ್ಪರ್ಯ. ಲೋಕವ್ಯವಹಾರದಲ್ಲಿ ಹುಟ್ಟಿದ ಈ ಮಾತು ಆಕಾಶಯಾನದ ಚರಿತ್ರೆಗೆ ವಿಶೇಷವಾಗಿ ಒಪ್ಪುತ್ತದೆ. ಹದ್ದು ರೆಕ್ಕೆ ಬಡಿಯದೆ ಬಾನಿನಲ್ಲಿ ಸುತ್ತುಹಾಕುವುದನ್ನು ಮಾನವನು ಸಹಸ್ರಾರು ವರ್ಷಗಳಿಂದ ಪ್ರತ್ಯಕ್ಷವಾಗಿ ಕಾಣುತ್ತಲೇ ಬಂದಿದ್ದನು. ಕಂಡು ಬೆರಗಾದನು, ಹಾಡು ಕಟ್ಟಿದನು, ಕಥೆ ಹೇಳಿದನು. ಕೆಲವರು ರೆಕ್ಕೆ ಕಟ್ಟಿಕೊಂಡು ಗೋಪುರಗಳಿಂದ ಹಾರಿ ಪ್ರಾಣವನ್ನೂ ನೀಗಿಕೊಂಡರು. ಆದರೆ ಆ ಹಾರಾಟವು ಅವನ ಕೈಗೆ ಬಂದುದು, ಅದನ್ನು ಅಳೆಯಲು ಅವನು ಕಲಿತ ಮೇಲೆಯೇ. ಹಾಗೆ ಅಳೆಯಲು ಅವನಿಗೆ ದೊರೆತ ಸಾಧನಗಳಲ್ಲಿ ಮುಖ್ಯವಾದುದು ಗ್ಲೈಡರು.

ಗ್ಲೈಡರು ಎಂದರೆ ಎಂಜಿನಿಲ್ಲದ ವಿಮಾನ. ದಿಬ್ಬದ ನೆತ್ತಿಯಿಂದಲೋ ಬೇರೊಂದು ವಿಮಾನವು ಎಳೆಯುವ ಹಗ್ಗದಿಂದಲೋ ಅದು ಗಾಳಿಯನ್ನು ಸೇರುತ್ತದೆ. ಆ ಬಳಿಕ ತನ್ನ ಎತ್ತರವನ್ನೇ ಬಂಡವಾಳವಾಗಿ ಸ್ವಲ್ಪಸ್ವಲ್ಪವೇ ವೆಚ್ಚಮಾಡುತ್ತ ಮುಂದೆ ಸಾಗುತ್ತದೆ. ಎಂಜಿನುಳ್ಳ ವಿಮಾನದಲ್ಲಿ ರೆಕ್ಕೆಯ ದೋಷವನ್ನು ಎಂಜಿನಿನ ಬಲವು ಮರೆಮಾಡಬಲ್ಲದು. ಬಡ ರೆಕ್ಕೆಗೆ ಬಲವಾದ ಎಂಜಿನು ಹೊಂದಿಸಿದರೆ ಹೇಗೋ ಹಾರಾಟ ಸಾಗೀತು. ಗ್ಲೈಡರಿಗೆ ಅಂತಹ ಮರೆಯಿಲ್ಲ. ನಿಶ್ಚಲವಾದ ಗಾಳಿಯಲ್ಲಿ ಒಂದೇ ವೇಗದಿಂದ ಸಾಗುವ ಗ್ಲೈಡರು ಏಳು ಅಡಿ ಮುಂದುವರಿಯುವಷ್ಟರಲ್ಲಿ ಒಂದಡಿ ಕೆಳಗಿಳಿದರೆ, ಗಾಳಿಯು ಅದಕ್ಕೆ ಒಡ್ಡುವ ತಡೆಯು ಅದರ ತೂಕದ ಏಳರಲ್ಲೊಂದು ಪಾಲಿನಷ್ಟಿದೆ ಎಂದೇ ಅರ್ಥ. ಇಳಿಯುವ ಕೋನವನ್ನು ಅಳೆದವನು ತಡೆಯನ್ನು ಅಳೆದಂತೆಯೇ ಆಯಿತು. ಹೀಗೆ ಗ್ಲೈಡರು ತಾನೇ ಒಂದು ತಕ್ಕಡಿ; ಅದರ ಮುಳ್ಳನ್ನು ಸರಿಯಾಗಿ ಓದುವುದಷ್ಟೇ ಪರೀಕ್ಷಕನ ಕೆಲಸ. ಆದರೆ ಈ ಓದು ಎಷ್ಟು ಕಠಿನವಾದುದೆಂಬುದನ್ನು ಚರಿತ್ರೆಯು ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ಜರ್ಮನಿಯ ಆಟೊ ಲಿಲಿಯೆಂತಾಲನು ಈ ಮಾರ್ಗದ ಆದ್ಯರಲ್ಲಿ ಒಬ್ಬನು. ವೃತ್ತಿಯಿಂದ ಎಂಜಿನಿಯರನಾದ ಈತನು ತಮ್ಮ ಗುಸ್ತಾವನೊಡನೆ ಸೇರಿ, ಬಾಗಿದ ರೆಕ್ಕೆಗಳ ಮೇಲೆ ಗಾಳಿಯು ಬೀರುವ ಬಲವನ್ನು ಬಹುಕಾಲ ಅಳೆದು, ಆ ಫಲಿತಾಂಶಗಳನ್ನು 1889ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 1891ರಿಂದ ಮುಂದೆ ತಾನೇ ರೆಕ್ಕೆ ತೊಟ್ಟು ಎರಡು ಸಾವಿರಕ್ಕೂ ಮೇಲ್ಪಟ್ಟು ಸಲ ದಿಬ್ಬಗಳಿಂದ ಹಾರಿದನು. 1896ರ ಆಗಸ್ಟ್ 9ರಂದು ಅವನ ಗ್ಲೈಡರು ಗಾಳಿಯಲ್ಲಿ ತಡೆದು ನಿಂತು ನೆಲಕ್ಕೆ ಬಿದ್ದಿತು. ಮರುದಿನ ಅವನು ಬರ್ಲಿನಿನಲ್ಲಿ ತೀರಿಕೊಂಡನು. ಅವನ ಮಾರ್ಗವನ್ನೇ ಹಿಡಿದಿದ್ದ ಇಂಗ್ಲೆಂಡಿನ ಪರ್ಸಿ ಪಿಲ್ಚರನೂ 1899ರಲ್ಲಿ ಅದೇ ರೀತಿಯಲ್ಲಿ ಮಡಿದನು. ಲಿಲಿಯೆಂತಾಲನು ಉಳಿಸಿ ಹೋದ ಅಂಕಿಗಳ ಪಟ್ಟಿಯೊಂದು ಮಾತ್ರ ಮುಂದಿನವರಿಗೆ ಆಪ್ತವಾಕ್ಯವಾಗಿ ನಿಂತಿತು.

ಅಮೇರಿಕೆಯ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿಯನ್ನಿಟ್ಟಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸೋದರರು ಆ ಪಟ್ಟಿಯನ್ನು ನಂಬಿಯೇ ತಮ್ಮ ಮೊದಲನೆಯ ಗ್ಲೈಡರನ್ನು ರಚಿಸಿದರು. 1900ರ ಶರತ್ಕಾಲದಲ್ಲಿ ಅದನ್ನು ಅಟ್ಲಾಂಟಿಕ್ ತೀರದ ಕಿಟಿ ಹಾಕ್ ಎಂಬ ಮರಳುಭೂಮಿಗೆ ಒಯ್ದರು. ಅದರ ರೆಕ್ಕೆಗಳ ವಿಸ್ತಾರ 165 ಚದರಡಿ, ತೂಕ ಸುಮಾರು 52 ಪೌಂಡು. ಅವರು ಅದನ್ನು ಒಡನೆಯೇ ಏರಿ ಹಾರಲಿಲ್ಲ. ಬಹುಪಾಲು ಕಾಲ ಗಾಳಿಪಟದಂತೆ ಹಗ್ಗ ಕಟ್ಟಿ ಹಾರಿಸಿದರು. ಮನುಷ್ಯನ ಭಾರಕ್ಕೆ ಬದಲಾಗಿ ಸರಪಳಿಗಳನ್ನು ಹೇರಿದರು. ಹಗ್ಗಕ್ಕೆ ಸ್ಪ್ರಿಂಗು ತಕ್ಕಡಿಯನ್ನು ಸಿಕ್ಕಿಸಿ ಗಾಳಿಯು ಎಷ್ಟು ಪೌಂಡು ಬಲದಿಂದ ಎಳೆಯುವುದೆಂದು ಓದಿದರು. ಗಾಳಿಯ ವೇಗವನ್ನೂ ಗ್ಲೈಡರಿನ ಓರೆಯನ್ನೂ ಅಳೆದು ಬರೆದಿಟ್ಟರು. ಆ ವರ್ಷ ವಿಲ್ಬರನು ಗಾಳಿಯಲ್ಲಿ ತೇಲಿದ ಒಟ್ಟು ಕಾಲವು ಎರಡು ನಿಮಿಷಗಳಷ್ಟೇ. ಆದರೆ ಆ ಅಲ್ಪಕಾಲದ ಹಾರಾಟಕ್ಕಿಂತಲೂ ಹಗ್ಗದ ತುದಿಯ ತಕ್ಕಡಿಯೇ ಹೆಚ್ಚು ವಿಷಯವನ್ನು ತಿಳಿಸಿತು.

ಅದು ತಿಳಿಸಿದ ವಿಷಯವು ಸಂತೋಷಕರವಾಗಿರಲಿಲ್ಲ. ಪಟ್ಟಿಯ ಲೆಕ್ಕದಂತೆ ಸುಮಾರು 3 ಡಿಗ್ರಿ ಓರೆಯಲ್ಲೇ ಮನುಷ್ಯನನ್ನು ಹೊರಬೇಕಾಗಿದ್ದ ರೆಕ್ಕೆಯು, ಗಂಟೆಗೆ 25 ಮೈಲಿ ವೇಗದ ಗಾಳಿಯಲ್ಲಿಯೂ ಹೆಚ್ಚುಕಡಮೆ 20 ಡಿಗ್ರಿಯಷ್ಟು ತಲೆಯೆತ್ತಿದ ಹೊರತು ಅವನನ್ನು ಹೊರಲಿಲ್ಲ. ಗಾಳಿಯ ತಡೆಯಾದರೋ ಎಣಿಸಿದುದಕ್ಕಿಂತ ಕಡಮೆಯಾಗಿತ್ತು. ಒಂದು ಲೆಕ್ಕದಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ. ಎರಡೂ ಪುಸ್ತಕಕ್ಕೆ ವಿರುದ್ಧ. ರೆಕ್ಕೆಯು ಚಿಕ್ಕದಾದುದರಿಂದ ಹೀಗಾಯಿತೋ ಏನೋ ಎಂದು ಮುಂದಿನ ವರ್ಷ ಅವರು 290 ಚದರಡಿಯ ಗ್ಲೈಡರನ್ನು ಕಟ್ಟಿದರು. ಅಷ್ಟು ದೊಡ್ಡ ಗ್ಲೈಡರಿನಲ್ಲಿ ಅದುವರೆಗೆ ಯಾರೂ ಹಾರಿರಲಿಲ್ಲ. ಆದರೂ ಫಲವು ಇನ್ನಷ್ಟು ನಿರಾಶಾಜನಕವಾಯಿತು: ರೆಕ್ಕೆಗಳು ಎತ್ತುತ್ತಿದ್ದ ಭಾರವು ಲೆಕ್ಕದಲ್ಲಿ ಬಂದುದರ ಮೂರರಲ್ಲೊಂದು ಪಾಲಿನಷ್ಟು ಮಾತ್ರವೇ ಇತ್ತು.

ಆಗ ಅವರು ಮಾಡಿದ ಕೆಲಸವು ಗಮನಾರ್ಹವಾದುದು. ಇಡೀ ಗ್ಲೈಡರನ್ನು ಪ್ರಶ್ನಿಸಿದರೆ ಉತ್ತರಗಳು ಒಂದರೊಳಗೊಂದು ಬೆರೆತು ಬರುತ್ತವೆಂದು ಕಂಡು, ಮೇಲಿನ ರೆಕ್ಕೆಯನ್ನು ಬಿಚ್ಚಿ ಅದೊಂದನ್ನೇ ಗಾಳಿಪಟದಂತೆ ಹಾರಿಸಿದರು. ಮೆಲುಗಾಳಿಯಲ್ಲಿ ಆ ರೆಕ್ಕೆಯು ಹಗ್ಗವನ್ನು ಮೇಲಕ್ಕೆ ಎಳೆಯಿತು. ಗಾಳಿ ಬಲವಾದಾಗ ಕೆಳಕ್ಕೆ ಎಳೆಯಿತು. ಬಾಗಿದ ರೆಕ್ಕೆಯ ಓರೆಯು ಕಡಮೆಯಾದಂತೆ ಗಾಳಿಯೊತ್ತಡದ ಕೇಂದ್ರವು ಒಂದು ಹಂತದವರೆಗೆ ಮುಂದಕ್ಕೆ ಸರಿದು, ಆ ಮೇಲೆ ಹಠಾತ್ತನೆ ಹಿಂದಕ್ಕೆ ತಿರುಗುವುದೆಂಬುದು ಹೀಗೆ ಬಯಲಾಯಿತು. ಗ್ಲೈಡರು ಏಕೆ ಮೂಗು ತಗ್ಗಿಸಿ ನೆಲದ ಕಡೆಗೆ ನುಗ್ಗುತ್ತಿತ್ತೆಂಬುದಕ್ಕೆ ಇದೇ ಕಾರಣ. ಅವರು ರೆಕ್ಕೆಯ ಬಾಗನ್ನು ತಗ್ಗಿಸಿ ಬಿಗಿದರು. ಆ ದೋಷವು ಬಹುಮಟ್ಟಿಗೆ ನಿವಾರಣೆಯಾಯಿತು. ಎತ್ತುವ ಬಲದ ಕೊರತೆಯು ಮಾತ್ರ ಹಾಗೆಯೇ ಉಳಿಯಿತು. ಆ ಬೇಸಗೆಯ ಕೊನೆಗೆ ಊರಿಗೆ ಹಿಂದಿರುಗುವಾಗ ವಿಲ್ಬರನು ತೀರ ಎದೆಗುಂದಿದ್ದನು.

ಲೆಕ್ಕದಲ್ಲಿ ತಪ್ಪು ಎಲ್ಲಿತ್ತು? ಗಾಳಿಯ ಬಲವನ್ನು ಗುಣಿಸಿ ತೆಗೆಯುವಾಗ ರೆಕ್ಕೆಯ ವಿಸ್ತಾರ, ಗಾಳಿಯ ವೇಗದ ವರ್ಗ, ರೆಕ್ಕೆಯ ಆಕಾರಕ್ಕೂ ಓರೆಗೂ ತಕ್ಕ ಅಂಕಿ, ಇವುಗಳೊಡನೆ ಒಂದು ಸ್ಥಿರಾಂಕವೂ ಸೇರುತ್ತದೆ. ಇಂಗ್ಲೆಂಡಿನ ಖ್ಯಾತ ಎಂಜಿನಿಯರನಾದ ಜಾನ್ ಸ್ಮೀಟನನು 1759ರಲ್ಲಿ ಗಾಳಿಯಂತ್ರಗಳ ವಿಷಯವಾಗಿ ಪ್ರಕಟಿಸಿದ ಪ್ರಬಂಧದಿಂದ ಬಂದ ಈ ಸ್ಥಿರಾಂಕವನ್ನು 0.005 ಎಂದು ಎಲ್ಲರೂ ಅಂಗೀಕರಿಸಿದ್ದರು. ರೈಟ್ ಸೋದರರು ತಮ್ಮ ಗ್ಲೈಡರಿನ ಅಳತೆಗಳಿಂದ ಹಿಮ್ಮುಖವಾಗಿ ಲೆಕ್ಕಹಾಕಿದಾಗ ಅದು 0.0033ರ ಸುಮಾರಿಗೆ ಬಂದಿತು. ಎಂದರೆ, ಪುಸ್ತಕವು ಮೂರು ಸೇರು ಎಂದು ಹೇಳಿದಲ್ಲಿ ಗಾಳಿಯು ಎರಡೇ ಸೇರು ಅಳೆದುಕೊಡುತ್ತಿತ್ತು. ಸುಮಾರು 140 ವರ್ಷಗಳ ಕಾಲ ಪಂಡಿತರ ಗ್ರಂಥಗಳಲ್ಲಿ ನಿರಾತಂಕವಾಗಿ ನಡೆದುಬಂದ ಅಂಕಿಯು ಮರಳ ದಿಬ್ಬದ ಮೇಲಿನ ಒಂದು ಸ್ಪ್ರಿಂಗು ತಕ್ಕಡಿಯ ಮುಂದೆ ನಿಲ್ಲಲಾರದೆ ಹೋಯಿತು.

ಆದರೆ ಕೊರತೆಯೆಲ್ಲವೂ ಅದೊಂದರಿಂದಲೇ ಬಂದುದಲ್ಲ. ಉಳಿದುದನ್ನು ತಿಳಿಯಲು ಅವರು ಮೊದಲು ಸೈಕಲ್ಲಿನ ಕೈಹಿಡಿಯ ಮುಂದೆ ಮೂರನೆಯದೊಂದು ಗಾಲಿಯನ್ನು ಅಡ್ಡಲಾಗಿ ಹೊಂದಿಸಿ, ಅದರ ಅಂಚಿಗೆ ಪುಟ್ಟ ರೆಕ್ಕೆಯನ್ನೂ ಚಪ್ಪಟೆ ಹಲಗೆಯನ್ನೂ ಕಟ್ಟಿ, ಬೀದಿಯಲ್ಲಿ ಬಿರುಸಾಗಿ ತುಳಿದು ನೋಡಿದರು. ಬಳಿಕ ಆರು ಅಡಿ ಉದ್ದದ, ಒಳಗೆ 16 ಅಂಗುಲ ಚೌಕದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ಕಡೆಯಿಂದ ಬೀಸಣಿಗೆಯ ಮೂಲಕ ಗಾಳಿ ಹಾಯಿಸಿದರು. ಗರಗಸದ ಅಲಗುಗಳಿಂದಲೂ ಸೈಕಲ್ ಗಾಲಿಯ ಕಡ್ಡಿಗಳಿಂದಲೂ ರಚಿಸಿದ ತಕ್ಕಡಿಗಳನ್ನು ಅದರೊಳಗಿಟ್ಟು, 1901ರ ಕೊನೆಯ ತಿಂಗಳುಗಳಲ್ಲಿ ಸುಮಾರು ಇನ್ನೂರು ಬಗೆಯ ಕಿರುರೆಕ್ಕೆಗಳನ್ನು ಪರೀಕ್ಷಿಸಿದರು. ಆಗ ಎರಡು ಸಂಗತಿಗಳು ಸ್ಪಷ್ಟವಾದವು. ಅಗಲ ಕಡಮೆಯಾಗಿ ಉದ್ದ ಹೆಚ್ಚಾದ ರೆಕ್ಕೆಯೇ ಮೇಲೆಂಬುದು ಒಂದು. ಲಿಲಿಯೆಂತಾಲನ ಪಟ್ಟಿಯು ಅವನ ರೆಕ್ಕೆಯ ಆಕಾರಕ್ಕೆ ಸಂಬಂಧಿಸಿದಂತೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತೆಂಬುದು ಇನ್ನೊಂದು. ಮಡಿದವನ ಮೇಲೆ ಹೊರಿಸಿದ್ದ ಸಂಶಯವನ್ನು ಇಬ್ಬರು ಸೈಕಲ್ ಕುಶಲಿಗಳು ಅಳತೆಯ ಬಲದಿಂದಲೇ ತೊಡೆದುಹಾಕಿದರು. ಸುಳ್ಳನ್ನು ಬಯಲಿಗೆಳೆಯುವುದರಂತೆ ಸತ್ಯವಂತನನ್ನು ಆರೋಪದಿಂದ ಬಿಡಿಸುವುದೂ ಅಳತೆಯ ಧರ್ಮವೇ ಸರಿ.

ಹೀಗೆ ಸಿದ್ಧವಾದ 1902ರ ಗ್ಲೈಡರು 32 ಅಡಿ ಉದ್ದದ ರೆಕ್ಕೆಗಳನ್ನೂ 305 ಚದರಡಿ ವಿಸ್ತಾರವನ್ನೂ ಹೊಂದಿತ್ತು. ಆ ಶರತ್ಕಾಲದಲ್ಲಿ ಸೋದರರು ಅದರಲ್ಲಿ 700ಕ್ಕೂ ಹೆಚ್ಚು ಸಲ ಹಾರಿದರು. ಎಲ್ಲಕ್ಕೂ ದೀರ್ಘವಾದ ಹಾರಾಟವು 26 ಸೆಕೆಂಡುಗಳಲ್ಲಿ 622½ ಅಡಿ ಸಾಗಿತು. ಗಾಳಿಪಟದಂತೆ ಹಾರಿಸಿದಾಗ ಹಗ್ಗವು ಹೆಚ್ಚುಕಡಮೆ ನೆಟ್ಟಗೆ ಮೇಲಕ್ಕೆ ನಿಲ್ಲುತ್ತಿದ್ದುದೇ ಅದರ ಯೋಗ್ಯತೆಗೆ ಸಾಕ್ಷಿ: ರೆಕ್ಕೆಯ ಎತ್ತುವ ಬಲವು ಹೆಚ್ಚು, ಹಿಂದಕ್ಕೆಳೆಯುವ ತಡೆಯು ಅತ್ಯಲ್ಪ. ಆ ತಡೆಯು ಎಷ್ಟೆಂದು ತಿಳಿದುದರಿಂದಲೇ ಮುಂದಿನ ವಿಮಾನಕ್ಕೆ ಎಷ್ಟು ಬಲದ ಎಂಜಿನು ಬೇಕೆಂಬುದನ್ನು ಅವರು ಮೊದಲೇ ಗೊತ್ತುಮಾಡಿಕೊಂಡರು. 625 ಪೌಂಡು ತೂಕಕ್ಕೆ ಎಂಟು ಅಶ್ವಬಲವು ಸಾಕೆಂದು ಲೆಕ್ಕ ಬಂದಿತು. ಅವರ ಅಂಗಡಿಯಲ್ಲಿ ತಯಾರಾದ ಎಂಜಿನು ಸುಮಾರು ಹನ್ನೆರಡು ಅಶ್ವಬಲವನ್ನು ಕೊಟ್ಟಿತು.

1903ರ ಡಿಸೆಂಬರ್ 17ರಂದು ಆ ವಿಮಾನವು ಮೇಲೆದ್ದಾಗ ಅದರ ಮೇಲೆ ಒಬ್ಬ ಮನುಷ್ಯನೊಡನೆ ಮೂರು ಮೂಕಸಾಕ್ಷಿಗಳೂ ಇದ್ದವು. ಪ್ಯಾರಿಸಿನ ರಿಷಾರ್ ಸಂಸ್ಥೆಯು ತಯಾರಿಸಿದ ವಾಯುವೇಗಮಾಪಕವು ಎರಡು ರೆಕ್ಕೆಗಳ ನಡುವಣ ಕಂಬಕ್ಕೆ ಬಿಗಿದಿತ್ತು. ಅದರೊಡನೆ ಒಂದು ಸ್ಟಾಪ್‌ವಾಚು, ಎಂಜಿನಿನ ಸುತ್ತುಗಳನ್ನೆಣಿಸುವ ಒಂದು ಎಣಿಕೆಯ ಯಂತ್ರ. ಎಂಜಿನನ್ನು ನಿಲ್ಲಿಸಿದೊಡನೆಯೇ ಮೂರೂ ಒಮ್ಮೆಲೇ ನಿಲ್ಲುವಂತೆ ಹೊಂದಿಸಲಾಗಿತ್ತು. ಮೊದಲನೆಯ ಹಾರಾಟವು 12 ಸೆಕೆಂಡುಗಳಲ್ಲಿ 120 ಅಡಿ. ಎದುರುಗಾಳಿಯು ಗಂಟೆಗೆ 20 ಮೈಲಿಗೂ ಮೀರಿದ್ದುದರಿಂದ ಗಾಳಿಯ ಮೂಲಕ ಸಾಗಿದ ದೂರವು 500 ಅಡಿಗೂ ಹೆಚ್ಚು. ಆ ದಿನದ ನಾಲ್ಕನೆಯ ಹಾರಾಟವು 59 ಸೆಕೆಂಡುಗಳಲ್ಲಿ 852 ಅಡಿ ನೆಲವನ್ನು ಕ್ರಮಿಸಿತು. ಗಾಳಿಯಲ್ಲಿ ಅದು ಅರ್ಧ ಮೈಲಿಗೂ ಮಿಕ್ಕಿದ ಪಯಣ. ನೆಲದಿಂದ ನೋಡಿದವನಿಗೆ ಅದೊಂದು ಕುಪ್ಪಳಿಕೆ; ಉಪಕರಣವನ್ನು ಓದಿದವನಿಗೆ ಅದೇ ನಿಜವಾದ ಹಾರಾಟ. ಪ್ರತ್ಯಕ್ಷಕ್ಕೂ ಪ್ರಮಾಣಕ್ಕೂ ಇರುವ ಅಂತರವು ಇಷ್ಟು ಸ್ಪಷ್ಟವಾಗಿ ಕಂಡ ಸಂದರ್ಭಗಳು ವಿರಳ.

ಎಂಜಿನು ಬಂದ ಮೇಲೆ ಗ್ಲೈಡರಿನ ಕೆಲಸವು ಮುಗಿಯಿತೆಂದು ಲೋಕವು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಅದು ಮರಳಿ ತಲೆಯೆತ್ತಿತು. 1928ರಲ್ಲಿ ಅಲ್ಲಿನ ವಾಸ್ಸರ್‌ಕುಪ್ಪೆ ಪರ್ವತದ ಮೇಲೆ ಆಸ್ಟ್ರಿಯದ ತರುಣ ರಾಬರ್ಟ್ ಕ್ರೋನ್‌ಫೆಲ್ಡನು ತನ್ನ ಗ್ಲೈಡರಿನಲ್ಲಿ ವೇರಿಯೊಮೀಟರ್ ಎಂಬ ಉಪಕರಣವನ್ನು ಇಟ್ಟುಕೊಂಡು ಹಾರಿದನು. ಅದರ ತತ್ತ್ವವು ಸರಳವಾದುದು. ಹೊರಗಣ ಶಾಖವು ತಟ್ಟದಂತಹ ಸೀಸೆಯೊಂದಕ್ಕೆ ಕಿರಿದಾದ ನಾಳದ ಮೂಲಕ ಹೊರಗಿನ ಗಾಳಿಯ ಸಂಪರ್ಕವಿರುತ್ತದೆ. ಗ್ಲೈಡರು ಮೇಲೇರಿದಂತೆ ಹೊರಗಿನ ಒತ್ತಡವು ಕಡಮೆಯಾಗಿ ಸೀಸೆಯ ಗಾಳಿಯು ಹೊರಕ್ಕೂ, ಕೆಳಗಿಳಿದಂತೆ ಹೊರಗಿನ ಗಾಳಿಯು ಒಳಕ್ಕೂ ಹರಿಯುತ್ತದೆ. ಆ ಹರಿವನ್ನು ಮುಳ್ಳು ತೋರಿಸುತ್ತದೆ. ಕಣ್ಣು ಮುಚ್ಚಿ ಕುಳಿತವನಿಗೆ ಗಾಳಿಯು ತನ್ನನ್ನು ಎತ್ತುತ್ತಿದೆಯೋ ಇಳಿಸುತ್ತಿದೆಯೋ ಎಂಬುದು ತಿಳಿಯದು. ಹದ್ದಿಗೆ ಸಹಜವಾಗಿರುವ ಆ ಅರಿವನ್ನು ಮನುಷ್ಯನಿಗೆ ಒಂದು ಸೀಸೆ ಕೊಟ್ಟಿತು. ಮರುವರ್ಷ ಕ್ರೋನ್‌ಫೆಲ್ಡನು ನೂರು ಕಿಲೊಮೀಟರಿಗೂ ದೂರ ಹಾರಿದನು. 1931ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಗ್ಲೈಡರಿನಲ್ಲೇ ದಾಟಿ ಹಿಂದಿರುಗಿದನು.

ಆದರೆ ಸಾಕ್ಷಿಯೂ ಸುಳ್ಳಾಡುವುದುಂಟು. ಹಾರುವವನು ಗ್ಲೈಡರಿನ ಮೂಗನ್ನು ಎತ್ತಿದರೆ ಅದು ವೇಗವನ್ನು ಕಳೆದುಕೊಂಡು ಕ್ಷಣಕಾಲ ಮೇಲೇರುತ್ತದೆ. ಗಾಳಿಯು ಎತ್ತಿತೆಂದು ಮುಳ್ಳು ಹೇಳುತ್ತದೆ. ವೇಗವು ಬದಲಾದಂತೆ ಒತ್ತಡವನ್ನೂ ತಕ್ಕಷ್ಟು ಬದಲಿಸುವ ವಿಶೇಷ ನಾಳವನ್ನು ಹೊರಗೆ ಚಾಚಿ ಈ ಭ್ರಾಂತಿಯನ್ನು ನಿವಾರಿಸಬೇಕಾಯಿತು. ವೇಗವನ್ನಳೆಯುವ ಪಿಟೋ ನಾಳದ ಕಷ್ಟವೂ ಇಂತಹದೇ. ರೆಕ್ಕೆಯ ಬಳಿಯಲ್ಲಿ, ಒಡಲಿನ ಪಕ್ಕದಲ್ಲಿ ಗಾಳಿಯು ತನ್ನ ಸಹಜಸ್ಥಿತಿಯಲ್ಲಿ ಇರುವುದಿಲ್ಲ. ಗ್ಲೈಡರೇ ಅದನ್ನು ಕಲಕಿರುತ್ತದೆ. ಅಲ್ಲಿ ಇಟ್ಟ ಉಪಕರಣವು ಕಲಕಿದ ಗಾಳಿಯನ್ನೇ ಅಳೆಯುತ್ತದೆ. ಆದುದರಿಂದ ಪರೀಕ್ಷೆಯ ಗ್ಲೈಡರುಗಳಲ್ಲಿ ಮೂಗಿನಿಂದ ಮುಂದಕ್ಕೆ ಉದ್ದನೆಯ ಕೋಲನ್ನು ಚಾಚಿ ಅದರ ತುದಿಗೆ ನಾಳವನ್ನು ಹೊಂದಿಸುವರು. ಇಲ್ಲವೆ ಸ್ಥಿರ ಒತ್ತಡದ ರಂಧ್ರವನ್ನು ಉದ್ದನೆಯ ಕೊಳವೆಯ ತುದಿಯಲ್ಲಿಟ್ಟು ಹಿಂದೆ ದೂರದಲ್ಲಿ ಎಳೆದುಕೊಂಡು ಹೋಗುವರು. ಹೀಗೆ ಚಾಚಿದ ಕೋಲಿಗೂ ಭಾರವಿದೆ, ತಡೆಯಿದೆ. ಅದು ಗ್ಲೈಡರಿನ ತೂಕದ ಸಮತೋಲವನ್ನು ಕದಲಿಸುತ್ತದೆ. ಅಳೆಯಲು ಹೋದವನೇ ಅಳೆಯತಕ್ಕ ವಸ್ತುವನ್ನು ಬದಲಿಸಿಬಿಡುವ ಈ ವಿಪತ್ತಿನಿಂದ ಪಾರಾಗುವುದೇ ಈ ವಿದ್ಯೆಯ ಅರ್ಧಭಾಗ.

ಗ್ಲೈಡರಿನ ಸತ್ಯವು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಒಂದು ಪ್ರಸಂಗವು ನಿದರ್ಶನವಾಗಿದೆ. ಗಾಳಿಸುರಂಗದಲ್ಲಿ ಅಳೆದ ತಡೆಯೂ ನಿಜವಾದ ಹಾರಾಟದ ತಡೆಯೂ ಒಂದೇ ಆಗಿರುವುವೇ ಎಂಬ ಶಂಕೆಯು ಅಮೇರಿಕೆಯ ಸಂಶೋಧಕರಿಗಿತ್ತು. ಎಂಜಿನು ಓಡುತ್ತಿರುವಾಗ ಪಂಕದ ಸೆಳೆತವೂ ಗಾಳಿಯ ತಡೆಯೂ ಬೆರೆತು ಉತ್ತರವು ಕಲುಷಿತವಾಗುವುದು. ಆದುದರಿಂದ 1944ರಲ್ಲಿ ಅವರು ಮಸ್ಟಾಂಗ್ ಎಂಬ ಹೆಸರಾಂತ ಯುದ್ಧವಿಮಾನದ ಪಂಕವನ್ನೇ ಬಿಚ್ಚಿಹಾಕಿ, ಅದನ್ನು ಉಪಕರಣಗಳು ತುಂಬಿದ ಗ್ಲೈಡರನ್ನಾಗಿ ಮಾರ್ಪಡಿಸಿ, ಇನ್ನೊಂದು ವಿಮಾನದಿಂದ ಎಳೆಯಿಸಿ, ಕ್ಯಾಲಿಫೋರ್ನಿಯದ ಮ್ಯುರಾಕ್ ಒಣಸರೋವರದ ಮೇಲೆ ಎತ್ತರದಲ್ಲಿ ಬಿಟ್ಟರು. ಜೇಮ್ಸ್ ನಿಸ್ಸೆನ್ ಎಂಬ ಪರೀಕ್ಷಕ ಚಾಲಕನು ಅದನ್ನು ನಡೆಸಿದನು. ಮೂರನೆಯ ಹಾರಾಟದಲ್ಲಿ ಎಳೆಯುವ ಹಗ್ಗವು ಅಕಾಲದಲ್ಲಿ ಕಳಚಿ ವಿಮಾನವು ನೆಲಕ್ಕಪ್ಪಳಿಸಿತು. ಚಾಲಕನು ಸುದೈವದಿಂದ ಬದುಕಿದನು. ಸುರಂಗದ ಅಂಕಿಗಳೂ ಹಾರಾಟದ ಅಂಕಿಗಳೂ ಚೆನ್ನಾಗಿ ಹೊಂದುವುವೆಂಬುದು ಆ ಪರೀಕ್ಷೆಯಿಂದ ನಿಶ್ಚಿತವಾಯಿತು.

ಎಲ್ಲರೂ ಹಾಗೆ ಬದುಕಲಿಲ್ಲ. ಜರ್ಮನಿಯಲ್ಲಿ ಯೆಹೂದಿಗಳಿಗೆ ನೆಲೆಯಿಲ್ಲವಾದ ಮೇಲೆ ಇಂಗ್ಲೆಂಡನ್ನು ಸೇರಿದ ಕ್ರೋನ್‌ಫೆಲ್ಡನು ಅಲ್ಲಿ ಪರೀಕ್ಷಕ ಚಾಲಕನಾದನು. ಬಾಲವಿಲ್ಲದ ವಿಮಾನಗಳ ಗುಣದೋಷಗಳನ್ನು ತಿಳಿಯುವುದಕ್ಕಾಗಿಯೇ ಕಟ್ಟಿದ ಜಿ.ಎ.ಎಲ್. 56 ಎಂಬ ಸಂಶೋಧನೆಯ ಗ್ಲೈಡರನ್ನು 1948ರ ಫೆಬ್ರವರಿ 12ರಂದು ಆಕಾಶದಲ್ಲಿ ಪರೀಕ್ಷಿಸುತ್ತಿದ್ದಾಗ ಅದು ಅವನ ಹತೋಟಿಯನ್ನು ಮೀರಿತು. ಜೊತೆಯಲ್ಲಿದ್ದ ವೀಕ್ಷಕನು ಪ್ಯಾರಾಚೂಟಿನಿಂದ ಹಾರಿ ಪಾರಾದನು. ಕ್ರೋನ್‌ಫೆಲ್ಡನು ಗ್ಲೈಡರಿನೊಡನೆ ನೆಲಕ್ಕೆ ಬಿದ್ದು ಮಡಿದನು. ಗಾಳಿಯ ಏರಿಳಿತವನ್ನು ಉಪಕರಣದಿಂದ ಓದುವ ಮಾರ್ಗವನ್ನು ತೋರಿದವನೇ, ಅಳತೆಗಿನ್ನೂ ಸಿಕ್ಕದ ಪ್ರದೇಶಕ್ಕೆ ಕಾಲಿಟ್ಟು ಪ್ರಾಣತೆತ್ತನು. ಉಪಕರಣವು ಬರೆದುಕೊಡುವ ಒಂದೊಂದು ಅಂಕಿಯ ಹಿಂದೆಯೂ ಅದನ್ನು ತರಲು ಮೇಲೇರಿ ಹೋದ ಒಬ್ಬ ಮನುಷ್ಯನಿರುತ್ತಾನೆಂಬುದನ್ನು ಮರೆಯಬಾರದು.

ಈ ಪರಂಪರೆಯು ಇಂದಿಗೂ ನಿಂತಿಲ್ಲ. 1922ರಲ್ಲಿ ಜರ್ಮನಿಯ ವಿದ್ಯಾರ್ಥಿಗಳ ವಿಮಾನಸಂಘಗಳು ಒಟ್ಟುಗೂಡಿ ಇಡಾಫ್ಲೀಗ್ ಎಂಬ ಸಂಸ್ಥೆಯನ್ನು ಕಟ್ಟಿದವು. ಆ ವಿದ್ಯಾರ್ಥಿಗಳು ಬೇಸಗೆಯಲ್ಲಿ ಕೂಡಿ ಗ್ಲೈಡರುಗಳನ್ನು ಅಳೆಯುವ ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಈಗಿನ ಉತ್ತಮ ಗ್ಲೈಡರು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚಾಗಿ ಇಳಿಯುತ್ತದೆ. ಗಾಳಿಯೇ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಷ್ಟು ಮೇಲೇರುತ್ತಿದ್ದರೂ ಸಾಕು, ಆರರಲ್ಲೊಂದು ಪಾಲಿನಷ್ಟು ಲೆಕ್ಕವೇ ಕೆಟ್ಟುಹೋಗುತ್ತದೆ. ಅದಕ್ಕಾಗಿ ನೆಲವು ಕಾಯುವ ಮುನ್ನ, ನಸುಕಿನ ಶಾಂತವಾದ ಹೊತ್ತಿನಲ್ಲಿ ಅವರು ಹಾರುತ್ತಾರೆ. ಅಷ್ಟರಿಂದಲೂ ತೃಪ್ತರಾಗದೆ, ಗುಣವು ಮೊದಲೇ ಚೆನ್ನಾಗಿ ಗೊತ್ತಿರುವ ಗ್ಲೈಡರೊಂದನ್ನು ಪಕ್ಕದಲ್ಲಿಯೇ ಹಾರಿಸುತ್ತಾರೆ. ಗಾಳಿಯು ಎತ್ತಿದರೆ ಎರಡನ್ನೂ ಎತ್ತುತ್ತದೆ, ಇಳಿಸಿದರೆ ಎರಡನ್ನೂ ಇಳಿಸುತ್ತದೆ. ಎರಡರ ನಡುವಣ ಅಂತರವು ಮಾತ್ರ ನಿಜವನ್ನು ನುಡಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಜರ್ಮನಿಯ ವಾಯುಯಾನ ಸಂಶೋಧನಾ ಸಂಸ್ಥೆಯ ಡಿಸ್ಕಸ್-2ಸಿ ಎಂಬ ಗ್ಲೈಡರು ಈ ಕೆಲಸಕ್ಕೆ ಬಳಕೆಯಾಗಿದೆ. ಹೀಗೆ, ಮೊದಲು ನೆಲದ ಮೇಲೆ ನಿಂತಿದ್ದ ಉಪಕರಣವು ಹಗ್ಗದ ತುದಿಗೆ ಬಂದು, ಅಲ್ಲಿಂದ ಗ್ಲೈಡರನ್ನೇರಿ, ಅದರ ಮೂಗಿನಿಂದ ಮುಂದೆ ಚಾಚಿ, ಕೊನೆಗೆ ಇಡೀ ಗ್ಲೈಡರೊಂದೇ ಇನ್ನೊಂದಕ್ಕೆ ಉಪಕರಣವಾಗಿ ಪರಿಣಮಿಸಿದೆ.

ಆಪ್ತವಾಕ್ಯವನ್ನು ಗೌರವಿಸತಕ್ಕದ್ದು; ಆದರೆ ಅದರ ಮೇಲೆ ಪ್ರಾಣವನ್ನಿಡುವ ಮುನ್ನ ಒಮ್ಮೆ ತೂಗಿ ನೋಡತಕ್ಕದ್ದು. ಕಿಟಿ ಹಾಕಿನ ಸೋದರರು ಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದ್ದರೆ ಪಿಲ್ಚರನ ಗತಿಯನ್ನೇ ಹೊಂದುತ್ತಿದ್ದರೋ ಏನೋ. ತಿರಸ್ಕಾರದಿಂದ ಅದನ್ನು ಎಸೆದುಬಿಟ್ಟಿದ್ದರೆ ಲಿಲಿಯೆಂತಾಲನ ಶ್ರಮವೆಲ್ಲವೂ ವ್ಯರ್ಥವಾಗುತ್ತಿತ್ತು. ಅವರು ಮಾಡಿದುದು ಎರಡನ್ನೂ ಅಲ್ಲ. ಹಗ್ಗಕ್ಕೆ ಒಂದು ತಕ್ಕಡಿಯನ್ನು ಕಟ್ಟಿ, ಗಾಳಿಯನ್ನೇ ಕೇಳಿದರು; ಅದು ಹೇಳಿದುದನ್ನು ಬರೆದಿಟ್ಟುಕೊಂಡರು.